ಎಡಗಡೆ ಸೀಟಿನ ಹೊಟ್ಟೆಕಿಚ್ಚು

ನಾಚಿಕೆಪಡುವ ಸಂಗತಿಯನ್ನು ಮೊದಲೇ ಹೇಳಿ ಮುಗಿಸಿಬಿಟ್ಟರೆ ಆಮೇಲೆ ಆರಾಮವಾಗಿ ಮಾತಾಡಬಹುದು. ನನಗೆ ನನ್ನ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು. ಅವಳ ರೂಪದ ಮೇಲಲ್ಲ, ಕೆಲಸದ ಮೇಲಲ್ಲ, ನಮ್ಮ ನೆಂಟರು ಹೊಗಳುವ ಅವಳ ಹುಳಿಯ ಮೇಲೂ ಅಲ್ಲ. ಅವಳು ಕಾರು ಓಡಿಸುವ ರೀತಿಯ ಮೇಲೆ.

ನಾವಿರುವುದು ಮಧುಗಿರಿಯಲ್ಲಿ, ಕೆಲಸ ಶಿರಾದಲ್ಲಿ. ಪದ್ಮ ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ನಾನು ಒಂದು ಕಚೇರಿಯಲ್ಲಿ ಕಡತಗಳ ನಡುವೆ ಕೂರುವವನು. ದಿನವೂ ಒಂದೇ ಕಾರಿನಲ್ಲಿ ಹೋಗಿ ಒಂದೇ ಕಾರಿನಲ್ಲಿ ಬರುತ್ತೇವೆ. ಒಂದು ವಾರ ಅವಳು ಓಡಿಸುತ್ತಾಳೆ, ಒಂದು ವಾರ ನಾನು. ಇಬ್ಬರೂ ನಲವತ್ತೈದು ದಾಟಿದ ಮೇಲೆ ಒಂದೇ ಡ್ರೈವಿಂಗ್ ಸ್ಕೂಲಿನಲ್ಲಿ, ಒಂದೇ ಲಟಾರಿ ಕಾರಿನಲ್ಲಿ, ಒಬ್ಬರೇ ಮೇಷ್ಟ್ರ ಹತ್ತಿರ ಬೈಸಿಕೊಂಡು ಕಲಿತೆವು. ಬೈಗುಳದಲ್ಲಿ ಹೆಚ್ಚಿನ ಪಾಲು ಅವಳಿಗೇ ಸಿಕ್ಕಿತ್ತು ಎಂಬುದನ್ನು ಇಲ್ಲಿ ದಾಖಲಿಸಬೇಕು. ಆದರೂ ಲೈಸೆನ್ಸು ಕೈಗೆ ಬಂದು ಆರು ತಿಂಗಳಾಗುವಷ್ಟರಲ್ಲಿ ಅವಳು ಬೇರೆ ಥರ ಓಡಿಸತೊಡಗಿದಳು, ನಾನು ಬೇರೆ ಥರ.

ಅವಳ ಥರ ಹೇಗೆ ಅಂದರೆ, ಬೆಳಗ್ಗೆ ಬಂದು ಕೂತು ಬೆಲ್ಟು ಹಾಕಿಕೊಂಡು, ಕನ್ನಡಿ ಒರೆಸಿ, ಕೀಲಿಕೈ ತಿರುಗಿಸುವ ಮೊದಲು ಸುಮ್ಮನೆ ಒಂದು ನಿಮಿಷ ಸ್ಟಿಯರಿಂಗ್ ಹಿಡಿದುಕೊಂಡು ಕೂರುತ್ತಾಳೆ. ನಾನು ಅದನ್ನು ಪ್ರಾರ್ಥನೆ ಅಂದುಕೊಂಡಿದ್ದೆ. ಕೆಟ್ಟ ಮನಸ್ಸಿನ ದಿನಗಳಲ್ಲಿ, ನನಗೆ ತೋರಿಸಲಿಕ್ಕೆ ಮಾಡುವ ನಾಟಕ ಅಂದುಕೊಂಡಿದ್ದೆ. ಆಮೇಲೆ ಹೊರಟಳೆಂದರೆ ಮುಗಿಯಿತು. ಬಸ್ಸು ಹಿಂದಿನಿಂದ ಹಾರ್ನ್ ಹೊಡೆದರೆ ದಾರಿ ಬಿಡುತ್ತಾಳೆ. ಟ್ರ್ಯಾಕ್ಟರಿನವನು ಇಂಡಿಕೇಟರ್ ಹಾಕದೆ ತಿರುಗಿದರೆ, "ಪಾಪ, ಮರೆತಿರ್ತಾನೆ" ಅನ್ನುತ್ತಾಳೆ. ಮೇಕೆಯೊಂದು ರಸ್ತೆಯ ನಡುವೆ ನಿಂತು ಆಲೋಚಿಸುತ್ತಿದ್ದರೆ ಅದು ಒಂದು ತೀರ್ಮಾನಕ್ಕೆ ಬರುವ ತನಕ ಕಾಯುತ್ತಾಳೆ. ಹಾರ್ನ್ ಯಾಕೆ ಹೊಡೆಯಲ್ಲ ಎಂದು ಒಮ್ಮೆ ಕೇಳಿದೆ. "ಜೋರಾಗಿ ಸದ್ದು ಮಾಡಿದ್ರೆ ನಂಗೇ ಗಾಬರಿ ಆಗುತ್ತೆ ಕಣ್ರಿ" ಎಂದಳು. ಅದನ್ನೂ ನಾನು ಬಿಂಕ ಅಂದುಕೊಂಡೆ.

ನನ್ನದು ಇನ್ನೊಂದು ಬಗೆ. ಕಚೇರಿಯಲ್ಲಿ ನನ್ನಷ್ಟು ಸಾಧು ಮನುಷ್ಯ ಇಲ್ಲ. ಸಾಹೇಬರು ಕೂಗಾಡಿದರೆ ನಗುತ್ತೇನೆ, ಜನ ಕೂಗಾಡಿದರೆ ನೀರು ಕೊಡಿಸುತ್ತೇನೆ. ಆದರೆ ಕಾರಿನ ಬಾಗಿಲು ಹಾಕಿಕೊಂಡ ಕೂಡಲೇ ನನ್ನೊಳಗಿನಿಂದ ಯಾರೋ ಹೊರಗೆ ಬರುತ್ತಾನೆ. ಅವನಿಗೆ ಮುಂದೆ ಹೋಗುವವರೆಲ್ಲ ದಡ್ಡರು, ಹಿಂದೆ ಬರುವವರೆಲ್ಲ ಪುಂಡರು. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ ಎಂದು ಹಿರಿಯರು ಮನುಷ್ಯನ ಆರು ಶತ್ರುಗಳನ್ನು ಪಟ್ಟಿ ಮಾಡಿದ್ದಾರೆ. ನಮ್ಮ ಕಾರಿನಲ್ಲಿರುವುದು ಐದೇ ಸೀಟು. ಕೊನೆಗೆ ಬರುವ ಮತ್ಸರನಿಗೆ ಜಾಗವಿಲ್ಲವಾದ್ದರಿಂದ ಅವನು ಯಾರ ತೊಡೆಯ ಮೇಲಾದರೂ ಕೂರಬೇಕು. ನನ್ನ ಕಾರಿನಲ್ಲಿ ಅವನು ಖಾಯಮ್ಮಾಗಿ ಕ್ರೋಧನ ತೊಡೆಯ ಮೇಲೆ ಕೂರುತ್ತಿದ್ದ. ಹೀಗಾಗಿ ನನಗೆ ಸಿಟ್ಟು ಬಂದಾಗಲೆಲ್ಲ ಅದು ಬಸ್ಸಿನವನ ಮೇಲೋ ಪಕ್ಕದಲ್ಲಿ ತಣ್ಣಗೆ ಕೂತ ಹೆಂಡತಿಯ ಮೇಲೋ ಎಂದು ಬಿಡಿಸಿ ಹೇಳುವುದು ಕಷ್ಟವಾಗುತ್ತಿತ್ತು.

ಬರೀ ನಾನೊಬ್ಬನೇ ಹೋಲಿಸಿಕೊಂಡಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಊರವರೂ ಹೋಲಿಸತೊಡಗಿದರು. ಪದ್ಮಳ ಶಾಲೆಯಲ್ಲಿ ಆಯಾ ಆಗಿರುವ ಪುಟ್ಲಿಂಗಮ್ಮ ಎಂಬಾಕೆ ಬಡವನಹಳ್ಳಿಯ ಹತ್ತಿರ ರಸ್ತೆ ಬದಿ ನಿಂತಿರುತ್ತಾಳೆ. ಪದ್ಮಳ ವಾರದಲ್ಲಿ ಕಾರು ನಿಲ್ಲುವ ಮೊದಲೇ ಬಾಗಿಲಿಗೆ ಕೈ ಹಾಕುತ್ತಾಳೆ. ನನ್ನ ವಾರದಲ್ಲಿ ಮೊದಲು ಬಗ್ಗಿ ಸ್ಟಿಯರಿಂಗ್ ಹಿಂದೆ ಯಾರಿದ್ದಾರೆ ಎಂದು ನೋಡುತ್ತಾಳೆ. ನೋಡಿದ ಮೇಲೆ ಅವಳಿಗೆ ಏನಾದರೂ ನೆನಪಾಗುತ್ತದೆ.

"ನೀವು ಓಗಿ ಸಾರ್, ನಾನು ವಸಿ ಅಂಗಡಿ ತಾವ ಓಗ್ಬೇಕು. ಬಸ್ಸಿಗೆ ಬತ್ತೀನಿ ಬುಡಿ."

ಒಂದು ದಿನ ನೆನಪಾಗುತ್ತದೆ, ಎರಡು ದಿನ ನೆನಪಾಗುತ್ತದೆ. ವಾರವಿಡೀ ಅಂಗಡಿ ನೆನಪಾಗುವ ಹೆಂಗಸಿನ ಬಗ್ಗೆ ಏನು ತಿಳಿದುಕೊಳ್ಳುವುದು? ಕನ್ನಡಿಯಲ್ಲಿ ನೋಡುತ್ತೇನೆ: ಅವಳು ಅಂಗಡಿಯ ಕಡೆಗೆ ಒಂದು ಹೆಜ್ಜೆಯನ್ನೂ ಇಟ್ಟಿರುವುದಿಲ್ಲ, ನಿಂತಲ್ಲೇ ನಿಂತು ಬಸ್ಸಿನ ದಾರಿ ಕಾಯುತ್ತಿರುತ್ತಾಳೆ.

ಇದಕ್ಕಿಂತ ದೊಡ್ಡ ಅವಮಾನ ಕಳೆದ ಕಾರ್ತೀಕದಲ್ಲಿ ಆಯಿತು. ಪಾವಗಡದಲ್ಲಿ ನೆಂಟರ ಮನೆಯ ಮದುವೆ. ಕೊರಟಗೆರೆಯಲ್ಲಿರುವ ನನ್ನ ಅಕ್ಕ ಗಿರಿಜಕ್ಕ, ಭಾವ ಮತ್ತು ಅವರ ಇಬ್ಬರು ಸೊಸೆಯರ ಜೊತೆ ಬೆಳಗ್ಗೆಯೇ ಮಧುಗಿರಿಗೆ ಬಂದಿಳಿದಳು. ಇಲ್ಲಿಂದ ಎಲ್ಲರೂ ನಮ್ಮ ಕಾರಿನಲ್ಲಿ ಹೋಗುವುದು ಎಂದು ಮಾತಾಗಿತ್ತು. ಅವರು ನಾಲ್ವರು, ನಾವಿಬ್ಬರು, ಒಟ್ಟು ಆರು. ಒಬ್ಬರು ಬಸ್ಸಿಗೆ ಹೋಗಬೇಕು.

"ಪದ್ಮ ಬೇಕಾದ್ರೆ ಬಸ್ಸಲ್ಲಿ ಬರಲಿ, ನಾನು ಓಡಿಸ್ತೀನಿ" ಎಂದೆ.

ಗಿರಿಜಕ್ಕ ಸೆರಗು ಸರಿಮಾಡಿಕೊಂಡಳು. ಭಾವ ಬೆಟ್ಟದ ಕಡೆ ನೋಡಿದರು. ಸೊಸೆಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ ಅಕ್ಕ ಹತ್ತಿರ ಬಂದು ಮೆಲ್ಲಗೆ, "ಲೇ ರಂಗ, ನಂಗೆ ಬೀಪಿ ಐತೆ ಕಣ್ಲಾ" ಎಂದಳು.

ಹೀಗೆ ನಾನು ಕಂತು ಕಟ್ಟುತ್ತಿರುವ ಕಾರು ನನ್ನ ಹೆಂಡತಿ, ನನ್ನ ಅಕ್ಕ, ನನ್ನ ಭಾವನನ್ನು ಕೂರಿಸಿಕೊಂಡು ಹೊರಟಿತು. ನಾನು ಬಸ್ ಸ್ಟ್ಯಾಂಡಿಗೆ ನಡೆದೆ. ಸಿಕ್ಕ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಮಿಡಿಗೇಶಿ ದಾಟಿದ ಮೇಲೆ ನೋಡುತ್ತೇನೆ, ಮುಂದೆ ನಮ್ಮದೇ ಬಿಳಿ ಕಾರು ತನ್ನ ಪಾಡಿಗೆ ಹೋಗುತ್ತಿದೆ. ನಮ್ಮ ಬಸ್ ಡ್ರೈವರು ನನ್ನ ಜಾತಿಯವನೇ, ಅಂದರೆ ಸ್ಟಿಯರಿಂಗ್ ಹಿಡಿದವರ ಪೈಕಿ. ಎರಡು ಸಲ ಹಾರ್ನ್ ಹೊಡೆದು, "ಯಾವನಪ್ಪ ಇವನು, ಎಮ್ಮೆ ಮ್ಯಾಲೆ ಕುಂತಂಗೆ ಓಡುಸ್ತಾವ್ನೆ" ಎಂದ. ಕಂಡಕ್ಟರು ಪಾವಗಡದ ಕಡೆಯವನು. ಬಗ್ಗಿ ನೋಡಿ, "ಆಡೋಳ್ಳು ಅನ್ನಾ, ವದಿಲೆಯ್" ಎಂದ. ತೆಲುಗಿನಲ್ಲಿ, ಹೆಂಗಸರು, ಬಿಟ್ಟುಬಿಡು ಎಂದರ್ಥ.

ಆ ಕಾರು ನನ್ನದು, ಓಡಿಸುತ್ತಿರುವವಳು ನನ್ನ ಹೆಂಡತಿ ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಹೇಳದಿದ್ದರೂ ಹೋಗಲಿ, ಡ್ರೈವರನ ಮಾತಿಗೆ ಸಣ್ಣಗೆ ನಕ್ಕೆ. ಇನ್ನೂ ನಿಜ ಹೇಳಬೇಕೆಂದರೆ, ಇಷ್ಟು ದಿನಕ್ಕೆ ನನ್ನ ಪಕ್ಷ ವಹಿಸುವ ಒಬ್ಬ ಮನುಷ್ಯ ಸಿಕ್ಕನಲ್ಲ ಎಂದು ಅವನ ಬೆನ್ನು ತಟ್ಟಬೇಕೆನಿಸಿತು. ಬಸ್ಸು ಕಾರನ್ನು ಹಿಂದೆ ಹಾಕುವಾಗ ಕಿಟಕಿಯಿಂದ ಕೆಳಗೆ ನೋಡಿದೆ. ಗಿರಿಜಕ್ಕ ಎರಡೂ ಕೈ ತಿರುವುತ್ತಾ ಏನೋ ಕಥೆ ಹೇಳುತ್ತಿದ್ದಳು. ಹಿಂದೆ ಕೂತ ಸೊಸೆಯರು ನಗುತ್ತಿದ್ದರು. ಬಾಗಿಲ ಮೇಲಿನ ಹಿಡಿಕೆಯನ್ನು ಯಾರೂ ಹಿಡಿದುಕೊಂಡಿರಲಿಲ್ಲ. ನಾನು ಓಡಿಸುವಾಗ ಆ ಹಿಡಿಕೆ ಖಾಲಿ ಇದ್ದದ್ದನ್ನು ನಾನು ಕಂಡಿರಲೇ ಇಲ್ಲ. ನನ್ನ ನಗು ಅಲ್ಲಿಗೆ ನಿಂತಿತು. ನನ್ನದೇ ಕಾರಿನಲ್ಲಿ ನನ್ನನ್ನು ಬಿಟ್ಟು ಎಲ್ಲರೂ ಸುಖವಾಗಿದ್ದಾರೆ, ನಾನು ತೊಡೆಯ ಮೇಲೆ ಯಾರದೋ ಚೀಲ ಇಟ್ಟುಕೊಂಡು ಕೂತಿದ್ದೇನೆ ಎಂಬುದು ಪಾವಗಡ ಬರುವ ತನಕ ಹೊಟ್ಟೆಯಲ್ಲಿ ಉರಿಯಿತು. ದಾರಿ ಬದಿಯ ಸೋಲಾರ್ ಹಲಗೆಗಳ ಮೇಲೆ ಬಿಸಿಲು ಹೊಳೆಯುವುದನ್ನು ನೋಡಿದರೂ ಅದು ತಣಿಯಲಿಲ್ಲ.

ನನ್ನ ಬಸ್ಸು ಹತ್ತು ನಿಮಿಷ ಮೊದಲು ತಲುಪಿತು. ಛತ್ರದ ಬಾಗಿಲಲ್ಲಿ ನಿಂತು, "ಯಾಕೆ ಲೇಟಾಯ್ತು?" ಎಂದು ಕೇಳಲು ಸಿದ್ಧನಾದೆ. ಕೇಳಿಯೂಬಿಟ್ಟೆ. ದಾರಿಯಲ್ಲಿ ಎಳನೀರು ಕುಡಿಯಲು ನಿಲ್ಲಿಸಿದ್ದರಂತೆ.

ಇಲ್ಲಿಯವರೆಗಿನದು ನಗುವ ಸಂಗತಿ. ಮುಂದಿನದು ಅಷ್ಟು ನಗುವಂಥದ್ದಲ್ಲ.

ಅದು ಸಂಕ್ರಾಂತಿ ಕಳೆದ ವಾರ. ನಮ್ಮ ಕಡೆ ಹುರುಳಿ ಕಿತ್ತು ಒಣಗಿಸುವ ಕಾಲ. ಕಣ ಮಾಡುವ ತಾಪತ್ರಯ ಯಾಕೆಂದು ರೈತರು ಹುರುಳಿ ಗಿಡವನ್ನು ಡಾಂಬರು ರಸ್ತೆಯ ಮೇಲೇ ಹರಡುತ್ತಾರೆ. ಓಡಾಡುವ ಗಾಡಿಗಳು ತುಳಿದು ಕಾಳು ಬಿಡಿಸಿ ಕೊಡುತ್ತವೆ. ಸಂಜೆಗೆ ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ. ಹೀಗೆ ಮಾಡಬಾರದು ಎಂದು ಎಲ್ಲರಿಗೂ ಗೊತ್ತು, ಹರಡುವವರಿಗೂ ಗೊತ್ತು. ಆ ದಿನಗಳಲ್ಲಿ ಆ ರಸ್ತೆಯಲ್ಲಿ ಹೋಗುವವರು ಎತ್ತಿನ ಹಾಗೆ ನಿಧಾನಕ್ಕೆ ತುಳಿದುಕೊಂಡು ಹೋಗಬೇಕು, ಅಷ್ಟೆ.

ಅವತ್ತು ನನ್ನ ವಾರ. ಹತ್ತು ಗಂಟೆಗೆ ಕಚೇರಿಯಲ್ಲಿ ಮೀಟಿಂಗು. ಬಡವನಹಳ್ಳಿ ಬಿಟ್ಟ ಮೇಲೆ ಬಸ್ಸೊಂದು ಹಿಂದಿನಿಂದ ಬಂದು, ನನ್ನ ಕಾರಿನ ಮೂತಿಗೆ ತಾಗುವ ಹಾಗೆ ಎಡಕ್ಕೆಳೆದು ಮುಂದೆ ಹೋಯಿತು. ನಾನು ಬ್ರೇಕ್ ತುಳಿದೆ. ಪದ್ಮ ಸೀಟಿನ ಅಂಚು ಹಿಡಿದುಕೊಂಡು, "ಹೋಗ್ಲಿ ಬಿಡಿ" ಎಂದಳು.

ಬಸ್ಸಿನವನು ಮಾಡಿದ್ದಕ್ಕಿಂತ ಈ 'ಹೋಗ್ಲಿ ಬಿಡಿ' ನನ್ನನ್ನು ಹೆಚ್ಚು ಚುಚ್ಚಿತು. ನನಗಾದರೆ ಬಿಡಲಿಕ್ಕಾಗುತ್ತದೆ, ನಿಮಗೆ ಆಗುವುದಿಲ್ಲ ನೋಡಿ ಎಂದು ಅವಳು ಹಂಗಿಸಿದ ಹಾಗೆ ಕೇಳಿಸಿತು. "ಎಲ್ಲರೂ ನಿನ್ನಂಗೆ ಇರೋಕಾಗಲ್ಲ" ಎಂದು ಆಕ್ಸಿಲರೇಟರ್ ಅದುಮಿದೆ. ಬಸ್ಸು ಮುಂದೆ, ನಾನು ಹಿಂದೆ. ಅವನ ಧೂಳಿನಲ್ಲಿ ಮುಂದಿನದು ಸರಿಯಾಗಿ ಕಾಣುತ್ತಿರಲಿಲ್ಲ. ಒಂದು ತಿರುವಿನಲ್ಲಿ ಬಸ್ಸು ಬಲಕ್ಕೆ ಸರಿದುಕೊಂಡು ಹೋಯಿತು. ಯಾಕೆ ಸರಿಯಿತು ಎಂದು ಯೋಚಿಸಲು ನನಗೆ ವ್ಯವಧಾನವಿರಲಿಲ್ಲ. ನೇರವಾಗಿ ಹುರುಳಿಯ ಮೇಲೆ ಹೋದೆ.

ಕಾರು ನೆಲ ಬಿಟ್ಟ ಹಾಗಾಯಿತು. ಸ್ಟಿಯರಿಂಗ್ ಹಗುರವಾಯಿತು; ತಿರುಗಿಸಿದರೆ ಕೈ ತಿರುಗುತ್ತಿತ್ತೇ ಹೊರತು ಕಾರು ತಿರುಗುತ್ತಿರಲಿಲ್ಲ. ಮುಂದೆ ಒಬ್ಬ ಹೆಂಗಸು ಕೋಲಿನಿಂದ ಹುರುಳಿ ತಿರುವಿ ಹಾಕುತ್ತಿದ್ದಳು. ಅವಳು ತಲೆ ಎತ್ತಿದ್ದನ್ನು ನೋಡಿದೆ. ನನ್ನ ಕಾಲು ಬ್ರೇಕಿನ ಕಡೆ ಹೋಯಿತು.

"ಬ್ರೇಕ್ ಬೇಡ" ಎಂದಳು ಪದ್ಮ. ದನಿ ಏರಿರಲಿಲ್ಲ. ಹುಡುಗರಿಗೆ ಲೆಕ್ಕ ಹೇಳಿಕೊಡುವ ದನಿ. "ಕಾಲು ತೆಗೀರಿ. ಕೈ ನೆಟ್ಟಗೆ ಹಿಡ್ಕೊಳ್ಳಿ. ಅಷ್ಟೇ."

ನಾನು ಅಷ್ಟೇ ಮಾಡಿದೆ. ಆ ಹೆಂಗಸು ಕೋಲು ಬಿಟ್ಟು ಪಕ್ಕಕ್ಕೆ ಹಾರಿದಳು. ಅವಳ ಸೀರೆಯ ಸೆರಗು ನನ್ನ ಕಿಟಕಿಯ ಗಾಜಿಗೆ ಸವರಿಕೊಂಡು ಹೋಯಿತು. ಕಾರು ಜಾರುತ್ತಾ ಹುರುಳಿ ಮುಗಿದಲ್ಲಿ ಡಾಂಬರು ಹಿಡಿದು, ರಸ್ತೆ ಬದಿಯ ಮಣ್ಣಿಗೆ ಇಳಿದು ಒಂದು ಹುಣಸೆ ಮರಕ್ಕೆ ಎರಡು ಮಾರು ದೂರದಲ್ಲಿ ನಿಂತಿತು.

ಇಳಿದೆ. ಆ ಹೆಂಗಸು ಎದ್ದು ಸೀರೆಯ ಮಣ್ಣು ಕೊಡವಿಕೊಳ್ಳುತ್ತಾ ಬಂದಳು. ಏಟಾಗಿರಲಿಲ್ಲ, ಮೊಣಕೈ ತರಚಿತ್ತು. ಬೈಯುತ್ತಾಳೆ ಎಂದು ನಿಂತೆ. ಅವಳು ನನ್ನನ್ನು ನೋಡದೆ ಕಾರಿನ ಅಡಿಗೆ ನೋಡಿ, "ಒಗೆ ಬತ್ತೈತೆ, ಅಮ್ಮಾರ್ನ ಕೆಳುಕ್ಕೆ ಇಳುಸ್ರಿ" ಎಂದಳು.

ಹುರುಳಿ ಬಳ್ಳಿ ಕಾರಿನ ಕೆಳಗೆ ಸುತ್ತಿಕೊಂಡು, ಕಾದ ಪೈಪಿಗೆ ತಾಗಿ ಹೊಗೆಯಾಡುತ್ತಿತ್ತು. ಅವಳ ಗಂಡ ಹೊಲದಿಂದ ಓಡಿ ಬಂದ. ಅವನು ಮಣ್ಣು ಎರಚಿದ, ಅವಳು ಕುಡಿಯಲು ತಂದಿದ್ದ ಬಿಂದಿಗೆಯ ನೀರನ್ನು ಪೂರ್ತಿ ಸುರಿದಳು. ಕೊಕ್ಕೆ ಕೋಲಿನಿಂದ ಬಳ್ಳಿ ಎಳೆದು ಹಾಕಿದರು. ಸಣ್ಣದಾಗಿ ಉರಿ ಕಾಣಿಸಿಕೊಂಡಿದ್ದು ಅಲ್ಲಿಗೇ ಆರಿತು. ಅದೆಲ್ಲ ನಡೆಯುವಾಗ ನಾನು ಕೈಯಲ್ಲಿ ಫೋನು ಹಿಡಿದು, ಯಾರಿಗೆ ಮಾಡಬೇಕೆಂದು ತಿಳಿಯದೆ ನಿಂತಿದ್ದೆ.

ಉರಿ ಆರಿದ ಮೇಲೆ ನನಗೆ ಬಾಯಿ ಬಂತು. "ರಸ್ತೆ ಮೇಲೆ ಹಿಂಗೆ ಹರಡಬಾರದಪ್ಪ" ಎಂದೆ.

"ತಪ್ಪೇ ಸಾಮಿ, ಇಲ್ಲ ಅನ್ನಕಿಲ್ಲ" ಎಂದ ಅವನು. ಆಮೇಲೆ ಕಾರನ್ನೊಮ್ಮೆ ಪದ್ಮಳನ್ನೊಮ್ಮೆ ನೋಡಿ ಹೇಳಿದ: "ಓದ್ ವಾರ ಈ ಅಮ್ಮಾರೇ ಓಡುಸ್ಕಂಡ್ ಓಯ್ತಿದ್ರು. ಒಂದ್ ಕಾಳು ಆಚೆಗೆ ಸಿಡೀತಿರ್ಲಿಲ್ಲ."

ನಂಬುತ್ತೀರೋ ಇಲ್ಲವೋ, ಒಂದು ಜೀವ ಕೂದಲೆಳೆಯಲ್ಲಿ ಉಳಿದ ಆ ಹೊತ್ತಿನಲ್ಲೂ ನನ್ನ ಹೊಟ್ಟೆಯೊಳಗೆ ಆ ಹಳೆಯ ಉರಿ ಒಂದು ಸಲ ಭುಗ್ಗೆಂದಿತು. ಮನುಷ್ಯ ಇಷ್ಟು ಸಣ್ಣವನಾಗಬಹುದು ಎಂದು ನನಗೆ ತಿಳಿದದ್ದು ಅಲ್ಲಿ. ಆ ಹೆಂಗಸಿನ ಎದುರು ನಿಂತು, "ತಪ್ಪು ನಂದೇ ಕಣಮ್ಮ" ಎಂದೆ. ಅವಳು, "ವಸಿ ನಿಧಾನಕ್ಕೆ ಬನ್ನಿ ಸಾಮಿ. ನಂಗೂ ಮಕ್ಳವ್ರೆ, ನಿಮ್ಗೂ ಇರ್ತಾರೆ" ಎಂದಳು. ಅಷ್ಟು ಹೇಳಿ ಕೋಲು ತೆಗೆದುಕೊಂಡು ಹೋದಳು.

ಪದ್ಮ ಹುಣಸೆ ಮರದ ಕೆಳಗೆ ಒಂದು ಕಲ್ಲಿನ ಮೇಲೆ ಕೂತಿದ್ದಳು. ಕೈಯಲ್ಲಿ ನೀರಿನ ಬಾಟಲಿ. ಮುಚ್ಚಳ ತಿರುಗಿಸಲು ನೋಡುತ್ತಿದ್ದಾಳೆ, ಆಗುತ್ತಿಲ್ಲ. ಹತ್ತಿರ ಹೋದ ಮೇಲೆ ಕಂಡಿತು: ಎರಡೂ ಕೈ ಗಡಗಡ ನಡುಗುತ್ತಿದ್ದವು. ಬಾಟಲಿ ತೆಗೆದು ಕೊಟ್ಟೆ.

"ನಿನಗೂ ಭಯ ಆಯ್ತಾ?" ಎಂದು ಕೇಳಿದೆ. ಎಂಥ ದಡ್ಡ ಪ್ರಶ್ನೆ ಎಂದು ಕೇಳಿದ ಮೇಲೆ ಅನಿಸಿತು.

"ದಿನಾ ಆಗುತ್ತೆ" ಎಂದಳು. "ಬೆಳಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಒಂದು ನಿಮಿಷ ಕೂತಿರ್ತೀನಲ್ಲ, ಯಾಕೆ ಅಂದ್ಕೊಂಡಿದ್ರಿ?"

"ದೇವರಿಗೆ ಕೈ ಮುಗೀತೀಯ ಅಂತ."

"ಕೈ ನಡುಗೋದು ನಿಲ್ಲಲಿ ಅಂತ ಕಾಯ್ತೀನಿ. ನಿಂತ ಮೇಲೆ ಹೊರಡ್ತೀನಿ."

ಅವಳು ನೀರು ಕುಡಿದಳು. ಆಮೇಲೆ ನನ್ನನ್ನು ನೋಡದೆ ಹೇಳಿದಳು: "ನೀವು ಓಡಿಸೋವಾಗ ಇನ್ನೂ ಜಾಸ್ತಿ. ಆಗ ನನ್ನ ಕೈಯಲ್ಲಿ ಏನೂ ಇರಲ್ಲ."

"ಹೇಳಬಾರದಾಗಿತ್ತಾ?"

"ಹೇಳಿದ್ರೆ ಇನ್ನೂ ಜೋರಾಗಿ ಹೋಗ್ತಿದ್ರಿ."

ಅದು ನಿಜವಾಗಿತ್ತು. ಗಣಿತದವರ ಜೊತೆ ಸಂಸಾರ ಮಾಡುವುದರ ಕಷ್ಟ ಇದು. ಉತ್ತರ ಸರಿಯಾಗಿರುತ್ತದೆ.

ಮೂರು ವರ್ಷದಿಂದ ನಾನು ಯಾವುದರ ಮೇಲೆ ಕರುಬುತ್ತಿದ್ದೆನೋ ಅದು ಅವಳ ಹತ್ತಿರ ಇರಲೇ ಇಲ್ಲ. ಹುಟ್ಟಿನಿಂದ ಬಂದ ತಣ್ಣನೆಯ ಸ್ವಭಾವ, ನನಗೆ ಸಿಗದ ವರ ಎಂದುಕೊಂಡಿದ್ದೆ. ಅವಳಲ್ಲಿದ್ದದ್ದು ನನ್ನಲ್ಲಿರುವಷ್ಟೇ ಭಯ. ಅವಳು ತನ್ನ ಭಯವನ್ನು ಒಪ್ಪಿಕೊಂಡು, ಅದು ಹೇಳಿದ ಹಾಗೆ ಕೇಳಿ, ನಿಧಾನವಾಗಿ ಹೋಗುತ್ತಿದ್ದಳು. ನಾನು ನನ್ನ ಭಯಕ್ಕೆ ಸಿಟ್ಟಿನ ಅಂಗಿ ತೊಡಿಸಿ, ಹಾರ್ನ್ ಹೊಡೆಸಿ, ಊರವರ ಮೇಲೆ ಬಿಡುತ್ತಿದ್ದೆ. ಬಸ್ಸು ಅಡ್ಡ ಬಂದಾಗ ನನಗೆ ಮೊದಲು ಆಗಿದ್ದು ಕೋಪವಲ್ಲ, ಎದೆ ಝಲ್ಲೆಂದಿದ್ದು ಎಂಬುದು ಆ ಕಲ್ಲಿನ ಪಕ್ಕ ನಿಂತಾಗ ನೆನಪಾಯಿತು. ಮೀಟಿಂಗಿಗೆ ನಾನು ಹೋಗಲಿಲ್ಲ. ನಾನಿಲ್ಲದೆಯೂ ಅದು ಚೆನ್ನಾಗಿಯೇ ನಡೆಯಿತಂತೆ.

ಮರುದಿನ ಬೆಳಗ್ಗೆ ಕೀಲಿಕೈಯನ್ನು ಅವಳಿಗೆ ಕೊಡಹೋದೆ. ಅವಳು ತೆಗೆದುಕೊಳ್ಳಲಿಲ್ಲ. "ಈ ವಾರ ನಿಮ್ಮದು. ಇವತ್ತು ಓಡಿಸದೇ ಇದ್ರೆ ಆಮೇಲೆ ಓಡಿಸಲ್ಲ" ಎಂದು ಎಡಗಡೆ ಕೂತು ಬೆಲ್ಟು ಹಾಕಿಕೊಂಡಳು. ನಾನು ಸ್ಟಿಯರಿಂಗ್ ಹಿಡಿದು ಕೂತೆ. ಒಂದು ನಿಮಿಷ ಸಾಲಲಿಲ್ಲ. ಮೂರು ನಿಮಿಷ ಬೇಕಾಯಿತು. ಆ ಮೂರು ನಿಮಿಷವೂ ಅವಳು ಮಾತಾಡಲಿಲ್ಲ. ಅದಕ್ಕಿಂತ ದೊಡ್ಡ ಉಪಕಾರವನ್ನು ಅವಳು ನನಗೆ ಮಾಡಿದ್ದು ನೆನಪಿಲ್ಲ.

ಆಮೇಲೆ ಕೆಲವು ಸಣ್ಣ ಬದಲಾವಣೆಗಳಾದವು. ಕಾಲು ಗಂಟೆ ಬೇಗ ಹೊರಡುತ್ತೇವೆ. ಫೋನು ಪದ್ಮಳ ಚೀಲದಲ್ಲಿರುತ್ತದೆ. ಬಸ್ಸು ಹಾರ್ನ್ ಹೊಡೆದರೆ ದಾರಿ ಬಿಡುತ್ತೇನೆ. ಬಿಡುವಾಗ ಬಾಯಲ್ಲಿ ಏನೋ ಗೊಣಗುತ್ತೇನೆ, ಆದರೆ ಬಿಡುತ್ತೇನೆ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ, ಇಲ್ಲ. ಈಗ ಅವಳ ಶಾಂತಿಯ ಮೇಲಲ್ಲ, ಭಯವನ್ನು ಅಷ್ಟು ಚೆನ್ನಾಗಿ ಪಳಗಿಸಿಕೊಂಡಿದ್ದಾಳಲ್ಲ, ಅದರ ಮೇಲೆ. ಇದು ಮೊದಲಿನದಕ್ಕಿಂತ ಸ್ವಲ್ಪ ಮೇಲ್ಮಟ್ಟದ ಹೊಟ್ಟೆಕಿಚ್ಚು ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಮೊನ್ನೆ ಅವಳು ಹಿಂದಿನ ಸೀಟಿನಲ್ಲಿ ಕೂತಳು. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳಿದ್ದವು. ಹರಡಿಕೊಂಡು ತಿದ್ದಲು ಅಲ್ಲೇ ಅನುಕೂಲ ಎಂದಳು. ನಾನು ಓಡಿಸುವಾಗ ರಸ್ತೆಯ ಮೇಲಿಂದ ಅವಳು ಕಣ್ಣು ತೆಗೆದದ್ದು ಅದೇ ಮೊದಲು. ಆ ಗೌರವದ ಭಾರಕ್ಕೆ ನಾನು ಇನ್ನಷ್ಟು ನಿಧಾನವಾದೆ. ಶಿರಾ ಇನ್ನೇನು ಬಂತು ಅನ್ನುವಾಗ ಒಂದು ದೊಡ್ಡ ಕುರಿಮಂದೆ ರಸ್ತೆಗಿಳಿಯಿತು. ಕಂಬಳಿ ಹೊದ್ದ ಮುದುಕನೊಬ್ಬ ಮುಂದೆ, ಮುನ್ನೂರೋ ನಾನೂರೋ ಕುರಿ ಹಿಂದೆ. ನಾನು ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ. ಮುದುಕ ಕಿಟಕಿಯ ಹತ್ತಿರ ಬಂದು, "ಅರ್ಜೆಂಟೈತಾ ಸಾಮಿ? ಒಂದ್ ಕಡೀಕೆ ಒಡ್ಕಳ್ಳಾ?" ಎಂದು ಕೇಳಿದ.

ಗಂಟೆ ಹತ್ತಕ್ಕೆ ಐದು ನಿಮಿಷವಿತ್ತು. "ಇಲ್ಲ ಕಣಪ್ಪ, ನಿಧಾನಕ್ಕೆ ಹೋಗಲಿ" ಎಂದೆ. ಸುಳ್ಳು ಹೇಳಿದ್ದೆ. ಆದರೆ ಕುರಿಗಳು ಒಂದೊಂದಾಗಿ ಬಾನೆಟ್ಟಿನ ಮುಂದೆ ತಲೆ ಬಗ್ಗಿಸಿಕೊಂಡು ದಾಟುತ್ತಾ ಹೋದ ಹಾಗೆ ಆ ಸುಳ್ಳು ನಿಧಾನವಾಗಿ ನಿಜವಾಗುತ್ತಾ ಬಂತು.

ಕೊನೆಯ ಕುರಿ ದಾಟಿದ ಮೇಲೆ ಮುದುಕ ಹಿಂದಿನ ಕಿಟಕಿಗೆ ಬಗ್ಗಿದ. ಕೆಂಪು ಪೆನ್ನು ಹಿಡಿದು ಕೂತಿದ್ದ ಪದ್ಮಳಿಗೆ ಕೈ ಮುಗಿದು ಹೇಳಿದ:

"ನಿಮ್ ಡ್ರೈವರು ಒಳ್ಳೆ ತಾಳ್ಮೆಸ್ತ ಕಣಮ್ಮ. ಇಂತೋನ್ನ ಬುಡಬ್ಯಾಡಿ."

ಪದ್ಮ ಪತ್ರಿಕೆಯಿಂದ ತಲೆ ಎತ್ತಿ ಕನ್ನಡಿಯಲ್ಲಿ ನನ್ನನ್ನು ನೋಡಿದಳು.

"ಹೌದಪ್ಪ" ಎಂದಳು. "ಹೊಸಬರು. ಈಗ ತಾನೇ ಕಲೀತಿದ್ದಾರೆ."